ನಗಣದ ಮೇಲೊಂದು ಗುರು: ಬೀಥೋವನ್‌ನ ಐದನೆಯ ಸಿಂಫನಿಯನ್ನು ಕೇಳುವ ಕ್ರಮ



ಕಳೆದ ಅವಧಿಯಲ್ಲಿ ಗದ್ಯರಚನೆಯ ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದ್ದೆ. ಹೆಸರನ್ನಾಗಲಿ ಹಿನ್ನೆಲೆಯನ್ನಾಗಲಿ ತಿಳಿಸದೆ ಪಾಶ್ಚಾತ್ಯ ವಾದ್ಯವೃಂದದ ಒಂದು ಕೃತಿಯ ಮೊದಲ ಭಾಗವನ್ನು ಕೇಳಿಸಿ, ‘ಕೇಳಿದ್ದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ’ ಎಂದಿದ್ದೆ. ಬಂದ ಹಾಳೆಗಳಲ್ಲಿ ಗುಡುಗು ಸಿಡಿಲುಗಳಿದ್ದವು, ಮಳೆಗಾಲದ ಕಡಲಿತ್ತು, ಕುರುಕ್ಷೇತ್ರವಿತ್ತು, ಅಟ್ಟಿಸಿಕೊಂಡು ಬರುವ ಕುದುರೆಗಳಿದ್ದವು. ಕೇಳಿದ ಸಂಗೀತ ಮಾತ್ರ ಇರಲಿಲ್ಲ. ಒಂದೇ ಒಂದು ಹಾಳೆ ಬೇರೆಯಾಗಿತ್ತು. ಅದರ ಅಂಚಿನಲ್ಲಿ ಛಂದಸ್ಸಿನ ತರಗತಿಯಲ್ಲಿ ಹಾಕುವಂತೆ ‘∪ ∪ ∪ –’ ಎಂದು ಪ್ರಸ್ತಾರ ಹಾಕಿ, ಕೆಳಗೆ ‘ಇದೇ ಮತ್ತೆ ಮತ್ತೆ ಬಂತು, ಬೇರೇನೂ ತಿಳಿಯಲಿಲ್ಲ’ ಎಂದು ಬರೆದಿತ್ತು. ಹಾಳೆಯನ್ನು ಕೊಡುವಾಗ ಆ ವಿದ್ಯಾರ್ಥಿನಿ ತಪ್ಪು ಮಾಡಿದವಳಂತೆ, ‘ಇದನ್ನೆಲ್ಲ ಹೇಳಲಿಕ್ಕೆ ಕನ್ನಡದಲ್ಲಿ ಶಬ್ದಗಳಿಲ್ಲ ಅಲ್ಲವೇ ಸರ್?’ ಎಂದಳು.

ಆ ಪ್ರಶ್ನೆಗೆ ಉತ್ತರವಾಗಿ ಈ ಪಾಠವನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂದು ಬದುಕುವ ಕಾಸರಗೋಡಿನ ನಮಗೆ ಇಂಥ ಸಂದೇಹ ಆಗಾಗ ಬರುವುದು ಸಹಜ. ಹೊಸ ವಿಷಯವೊಂದು ಎದುರಾದೊಡನೆ ಅದು ಕನ್ನಡದ ಎಲ್ಲೆಯ ಹೊರಗಿನದೆಂದು ನಾವೇ ಒಪ್ಪಿಕೊಂಡುಬಿಡುತ್ತೇವೆ. ಆದರೆ ಅಂದು ತರಗತಿಯಲ್ಲಿ ಕೃತಿಗೆ ಅತಿ ಹತ್ತಿರ ಹೋದದ್ದು ಆ ಪ್ರಸ್ತಾರವೇ. ಕೇಳಿಸಿದ್ದು ಬೀಥೋವನ್‌ನ ಐದನೆಯ ಸಿಂಫನಿ. ಕೇಳುಗನಿಗೆ ಒಂದು ಕೃತಿಯನ್ನು ಪರಿಚಯಿಸುವುದೆಂದರೆ ಅದಕ್ಕೆ ಉಪಮೆಗಳನ್ನು ಪೋಣಿಸುವುದಲ್ಲ. ಯಾವುದನ್ನು ಕೇಳಬೇಕು, ಅದು ಎಲ್ಲಿ ಮರಳುತ್ತದೆ, ಮರಳುವಾಗ ಹೇಗೆ ಬದಲಾಗಿರುತ್ತದೆ ಎಂದು ಕಿವಿಗೆ ಗುರುತು ಹಾಕಿಕೊಡುವುದು. ಆ ಗುರುತುಗಳಿಗೆ ಬೇಕಾದ ಪರಿಭಾಷೆ ಕನ್ನಡ ವಿದ್ಯಾರ್ಥಿಗಳ ಕೈಯಲ್ಲಿ ಈಗಾಗಲೇ ಇದೆ. ಇದೇ ಕೃತಿಯನ್ನು ಉದಾಹರಣೆಯಾಗಿಟ್ಟುಕೊಂಡು ಅದನ್ನು ತೋರಿಸಲು ಯತ್ನಿಸುತ್ತೇನೆ.

1. ಮಾತಿಲ್ಲದ ಪ್ರಬಂಧ

ನಮ್ಮ ಸಂಗೀತದ ಬಹುಭಾಗ ಮಾತನ್ನು ಆಶ್ರಯಿಸಿದೆ. ಕೀರ್ತನೆಗೆ ಸಾಹಿತ್ಯವಿದೆ. ಯಕ್ಷಗಾನದಲ್ಲಿ ಭಾಗವತರ ಪದ್ಯವಿದೆ, ಪದ್ಯದ ಹಿಂದೆ ಪ್ರಸಂಗವಿದೆ. ಚೆಂಡೆಯ ಸದ್ದು ದೂರದಿಂದ ಕೇಳಿದರೂ ಅಲ್ಲಿ ಯುದ್ಧ ನಡೆದಿದೆಯೋ ಒಡ್ಡೋಲಗವೋ ಎಂದು ನಾವು ಊಹಿಸಬಲ್ಲೆವು. ಐದನೆಯ ಸಿಂಫನಿಯಲ್ಲಿ ಸಾಹಿತ್ಯವೂ ಇಲ್ಲ, ಪ್ರಸಂಗವೂ ಇಲ್ಲ. ಹೊಸ ಕೇಳುಗ ಕಂಗೆಡುವುದು ಇಲ್ಲಿಯೇ.

ಆದರೂ ಮಾತಿಲ್ಲದ ದೀರ್ಘಸಂಗೀತ ನಮಗೆ ತೀರ ಅಪರಿಚಿತವಲ್ಲ. ಕೇರಳದ ದೇವಾಲಯಗಳ ಪಂಚಾರಿ ಮೇಳವನ್ನು ನೆನೆಯಿರಿ. ಮೊದಲ ಕಾಲದಲ್ಲಿ 96 ಅಕ್ಷರಗಳ ಆವರ್ತ. ಅದು 48, 24, 12 ಎಂದು ಅರ್ಧಕ್ಕರ್ಧ ಇಳಿಯುತ್ತ ಐದನೆಯ ಕಾಲದಲ್ಲಿ 6 ಅಕ್ಷರಗಳಿಗೆ ಬಂದು ನಿಲ್ಲುತ್ತದೆ. ಮೇಳವನ್ನು ಬಲ್ಲವರು ಕಥೆಯನ್ನು ಹುಡುಕುವುದಿಲ್ಲ. ಈಗ ಎಷ್ಟನೆಯ ಕಾಲ, ಮುಂದಿನ ತಿರುವು ಯಾವಾಗ ಎಂಬುದನ್ನೇ ಕಾಯುತ್ತಾರೆ. ಅವರ ರೋಮಾಂಚನ ಹುಟ್ಟುವುದು ರಚನೆಯ ಅರಿವಿನಿಂದ. ಸಿಂಫನಿಯನ್ನು ಕೇಳಲು ಬೇಕಾದದ್ದೂ ಅಂಥ ಕಾಯುವಿಕೆಯೇ.

ಸಿಂಫನಿ ಎಂಬುದು ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ರೂಪುಗೊಂಡ ವಾದ್ಯಪ್ರಬಂಧ. ಆಸ್ಟ್ರಿಯದ ಹೈಡನ್ ಮತ್ತು ಮೊಜಾರ್ಟ್ ಅವರ ಕೈಯಲ್ಲಿ ಅದು ಸಾಮಾನ್ಯವಾಗಿ ನಾಲ್ಕು ಭಾಗಗಳ ಕೃತಿಯಾಗಿ ನೆಲೆಗೊಂಡಿತು: ಚುರುಕಾದ ಮೊದಲ ಭಾಗ, ನಿಧಾನಗತಿಯ ಎರಡನೆಯದು, ಕುಣಿತದ ಲಯದ ಮೂರನೆಯದು, ಮತ್ತೆ ವೇಗದ ಕೊನೆಯ ಭಾಗ. ಪ್ರತಿಯೊಂದು ವಾದ್ಯ ನುಡಿಸಬೇಕಾದ ಪ್ರತಿಯೊಂದು ಸ್ವರವೂ ಸ್ವರಲಿಪಿಯಲ್ಲಿ ಬರೆದಿರುತ್ತದೆ. ನುಡಿಸುವವರು ನಮ್ಮ ಕಛೇರಿಯ ವಿದ್ವಾಂಸರಂತೆ ಸ್ಥಳದಲ್ಲೇ ಮನೋಧರ್ಮವನ್ನು ಬೆಳೆಸುವುದಿಲ್ಲ. ಗತಿಯನ್ನೂ ಏರಿಳಿತವನ್ನೂ ಹೊಂದಿಸಿ ಎಲ್ಲರನ್ನೂ ಒಟ್ಟಿಗೆ ನಡೆಸುವವನಿಗೆ ಇಂಗ್ಲಿಷಿನಲ್ಲಿ ಕಂಡಕ್ಟರ್ ಎನ್ನುತ್ತಾರೆ. ನಮ್ಮಲ್ಲಿ ಆ ಮಾತು ಬಸ್ಸನ್ನು ಹತ್ತಿ ಕುಳಿತಿರುವುದರಿಂದ ನಾನು ನಿರ್ದೇಶಕ ಎಂಬ ಪದವನ್ನು ಬಳಸುತ್ತೇನೆ.

ವಾದ್ಯವೃಂದವನ್ನು ಅರಿಯಲು ಭರತನ ವಿಂಗಡಣೆ ಸಾಕು. ತತ ಎಂದರೆ ತಂತಿವಾದ್ಯಗಳು: ಎರಡು ಗುಂಪಿನ ಪಿಟೀಲುಗಳು, ಅವಕ್ಕಿಂತ ಸ್ವಲ್ಪ ದೊಡ್ಡದಾದ ವಯೋಲಾ, ಕಾಲುಗಳ ನಡುವೆ ಇಟ್ಟು ನುಡಿಸುವ ಚೆಲ್ಲೊ, ಆಳುದ್ದದ ಡಬಲ್ ಬಾಸ್. ಸುಷಿರದಲ್ಲಿ ಎರಡು ಪಂಗಡ. ಕೊಳಲು, ಓಬೊ, ಕ್ಲಾರಿನೆಟ್, ಬಸೂನ್ ಒಂದು. ಸುರುಳಿ ಸುತ್ತಿದ ಹಾರ್ನ್, ಟ್ರಂಪೆಟ್, ಟ್ರಾಂಬೋನ್ ಎಂಬ ಲೋಹದ ಕಹಳೆಗಳು ಇನ್ನೊಂದು. ಅವನದ್ಧದಲ್ಲಿ ಟಿಂಪನಿ, ಅಂದರೆ ಶ್ರುತಿ ಹಿಡಿದ ತಾಮ್ರದ ಭೇರಿಗಳು. ತಾಳ, ಜಾಗಟೆಗಳ ಜಾತಿಯ ಘನವಾದ್ಯಗಳು ಈ ಕೃತಿಯಲ್ಲಿ ಇಲ್ಲ. ಬೀಥೋವನ್ ಅವನ್ನು ಒಂಬತ್ತನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಬಳಸಿದ.

ಇನ್ನೊಂದು ಭೇದವನ್ನು ಮನಸ್ಸಿನಲ್ಲಿಡಬೇಕು. ನಮ್ಮ ರಾಗಸಂಗೀತ ಒಂದೇ ಎಳೆಯನ್ನು ಹಿಡಿದು, ಗಮಕಗಳಿಂದ ಬಳುಕಿಸುತ್ತ ಸಾಗುತ್ತದೆ. ಇಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ನುಡಿದು ಒಂದಕ್ಕೊಂದು ಬಣ್ಣ ಕೊಡುತ್ತವೆ. ಆದ್ದರಿಂದ ಮುಂದೆ ನಾನು ಸ್ವರಗಳ ಹೆಸರು ಹೇಳುವಾಗ ಅದನ್ನು ರಾಗವೆಂದು ಭಾವಿಸಬೇಡಿ. ಸ್ವರಸ್ಥಾನಗಳ ಗುರುತೆಂದಷ್ಟೇ ಗ್ರಹಿಸಿರಿ.

2. ಸಂಯೋಜಕ

ಕೃತಿಕರ್ತನನ್ನು ವಾಗ್ಗೇಯಕಾರನೆನ್ನಲು ಬರುವುದಿಲ್ಲ. ಇಲ್ಲಿ ಗೇಯವಿದೆ, ವಾಕ್ಕಿಲ್ಲ. ಸಂಯೋಜಕನೆಂಬುದು ಸರಿಯಾದ ಪದ. ಲುಡ್ವಿಗ್ ವಾನ್ ಬೀಥೋವನ್ ಜರ್ಮನಿಯ ಬಾನ್ ನಗರದವನು. 1770ರ ಡಿಸೆಂಬರ್ 17ರಂದು ಅವನಿಗೆ ಚರ್ಚಿನಲ್ಲಿ ನಾಮಕರಣವಾಯಿತು. ನಮ್ಮ ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ. ಒಬ್ಬರನ್ನೊಬ್ಬರು ಅರಿಯದ ಈ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬಾಳಿದವರು.

1792ರಲ್ಲಿ ಬೀಥೋವನ್ ವಿಯೆನ್ನಾಕ್ಕೆ ಬಂದ. ಹೈಡನ್‌ನ ಬಳಿ ಕೆಲಕಾಲ ಕಲಿತ. ಪಿಯಾನೊವಾದಕನಾಗಿ ಬಹುಬೇಗ ಹೆಸರು ಪಡೆದ. ಮೂವತ್ತು ತುಂಬುವ ಮೊದಲೇ ಕಿವಿ ಮಂದವಾಗತೊಡಗಿತು. 1802ರಲ್ಲಿ ಹೈಲಿಗೆನ್‌ಸ್ಟಾಟ್ ಎಂಬ ಊರಿನಲ್ಲಿದ್ದಾಗ ಆತ ತಮ್ಮಂದಿರನ್ನು ಉದ್ದೇಶಿಸಿ ಒಂದು ಪತ್ರ ಬರೆದ. ಕಿವುಡಿನಿಂದ ಜನರ ನಡುವೆ ಅನುಭವಿಸಿದ ಅವಮಾನ, ಸಾವಿನ ಯೋಚನೆ, ತನ್ನೊಳಗಿನ ಸಂಗೀತವನ್ನೆಲ್ಲ ಹೊರತರದೆ ಲೋಕವನ್ನು ಬಿಡಲಾರೆನೆಂಬ ನಿರ್ಧಾರ ಆ ಪತ್ರದಲ್ಲಿವೆ. ಅದನ್ನು ಆತ ಕಳುಹಿಸಲಿಲ್ಲ. 1827ರ ಮಾರ್ಚ್ 26ರಂದು ಆತ ತೀರಿಕೊಂಡ ಮೇಲೆ ಕಾಗದಪತ್ರಗಳ ನಡುವೆ ದೊರೆಯಿತು. ಐದನೆಯ ಸಿಂಫನಿಯ ಕೆಲಸ ಆ ಪತ್ರದ ಎರಡು ವರ್ಷಗಳ ಅನಂತರ, 1804ರ ಸುಮಾರಿಗೆ ಆರಂಭವಾಗಿ 1808ರಲ್ಲಿ ಮುಗಿಯಿತು.

ಜೀವನವನ್ನು ಕೃತಿಯ ಟೀಕೆಯನ್ನಾಗಿ ಓದುವ ಆತುರ ಬೇಡ. ಪತ್ರವನ್ನು ಓದಿದ ಮೇಲೆ ಸಿಂಫನಿ ಕೇಳಿದರೆ ನಮಗೆ ಕನಿಕರ ಹುಟ್ಟೀತು. ಆದರೆ ಕನಿಕರ ಶ್ರವಣವಲ್ಲ. ಅದೇ ಕಾಲಾವಧಿಯಲ್ಲಿ ಅದೇ ಕಿವುಡಿನ ನಡುವೆ ಆತ ಶಾಂತವೂ ಪ್ರಸನ್ನವೂ ಆದ ನಾಲ್ಕನೆಯ ಮತ್ತು ಆರನೆಯ ಸಿಂಫನಿಗಳನ್ನೂ ರಚಿಸಿದ.

3. ಕೃತಿ

ಮೊದಲ ಭಾಗ. ಸಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಕೃತಿಯ ಆರಂಭ ಹೀಗಿದೆ: ಪ ಪ ಪ ಗಾ, ಬಳಿಕ ಮ ಮ ಮ ರೀ. ಇಲ್ಲಿ ಗಾಂಧಾರ ಸಾಧಾರಣ, ಋಷಭ ಚತುಶ್ರುತಿ. ಮೂರು ಲಘು, ಒಂದು ಗುರು. ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ ನಗಣದ ಮೇಲೊಂದು ಗುರು. ಆದರೆ ಆ ಕೊನೆಯ ಸ್ವರದ ಮೇಲೆ ಸಂಯೋಜಕ ‘ಇಲ್ಲಿ ನಿಲ್ಲು’ ಎಂಬ ಚಿಹ್ನೆಯನ್ನು ಹಾಕಿದ್ದಾನೆ. ಎಷ್ಟು ಹೊತ್ತು ನಿಲ್ಲಬೇಕೆಂಬುದು ನಿರ್ದೇಶಕನಿಗೆ ಬಿಟ್ಟದ್ದು. ಹ್ರಸ್ವ ದೀರ್ಘಗಳ ಆಚೆಗೆ ನಮ್ಮ ವ್ಯಾಕರಣ ಪ್ಲುತವನ್ನು ಹೇಳುತ್ತದೆಯಲ್ಲವೇ? ಇದು ಗುರುವಿನ ರೂಪದಲ್ಲಿ ಬಂದ ಪ್ಲುತ. ಇನ್ನೊಂದು ಸೂಕ್ಷ್ಮವಿದೆ. ಮೊದಲ ಲಘುವಿಗಿಂತ ಮುಂಚೆ ಸ್ವರಲಿಪಿಯಲ್ಲಿ ಒಂದು ವಿರಾಮಚಿಹ್ನೆ ಇದೆ. ತಾಳದ ಪೆಟ್ಟು ಮೌನದ ಮೇಲೆ ಬೀಳುತ್ತದೆ. ಸ್ವರ ಅದರ ಬೆನ್ನಿಗೆ ನುಗ್ಗುತ್ತದೆ. ಪೆಟ್ಟಿನ ಅನಂತರ ಎತ್ತಿಕೊಳ್ಳುವ ಎಡುಪನ್ನು ಬಲ್ಲವರಿಗೆ ಈ ನೂಕುಬಲ ಎಲ್ಲಿಂದ ಬಂತೆಂದು ವಿವರಿಸಬೇಕಾಗಿಲ್ಲ.

ಈ ನಾಲ್ಕು ಸ್ವರಗಳನ್ನು ತಂತಿವಾದ್ಯಗಳೂ ಕ್ಲಾರಿನೆಟ್‌ಗಳೂ ಮಾತ್ರ ಒಂದೇ ಸೊಲ್ಲಿನಲ್ಲಿ ನುಡಿಸುತ್ತವೆ. ಕಹಳೆಗಳೂ ಭೇರಿಗಳೂ ಸುಮ್ಮನಿರುತ್ತವೆ. ಅಷ್ಟು ಗಟ್ಟಿಯಾಗಿ ಕೇಳಿಸುವ ಆರಂಭದಲ್ಲಿ ವೃಂದದ ಬಹುಭಾಗ ಇನ್ನೂ ಬಾಯಿ ತೆರೆದಿಲ್ಲವೆಂಬುದು ಗಮನಾರ್ಹ. ಆಮೇಲೆ ನಡೆಯುವುದೆಲ್ಲ ಈ ಪುಟ್ಟ ಗಣದ ವಿಸ್ತಾರ. ಅದು ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತದೆ, ಒಂದರ ಮೇಲೊಂದು ಏರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹಾರ್ನ್‌ಗಳು ಒಂದು ಕರೆ ಕೊಡುತ್ತವೆ. ಅದೂ ಮೂರು ಲಘುಗಳಿಂದಲೇ ಆರಂಭವಾಗುತ್ತದೆ. ಅದರ ಹಿಂದೆಯೇ ಪಿಟೀಲುಗಳು ಮೃದುವಾದ ಹೊಸ ಧಾಟಿಯೊಂದನ್ನು ಹಾಡುತ್ತವೆ. ಅಲ್ಲಿ ಹಳೆಯ ಗಣ ಹೋಯಿತೆಂದುಕೊಳ್ಳಬೇಡಿ. ಕಿವಿಯನ್ನು ತಳಕ್ಕೆ ಇಳಿಸಿ. ಚೆಲ್ಲೊ ಮತ್ತು ಡಬಲ್ ಬಾಸ್‌ಗಳು ಪಿಸುಮಾತಿನಲ್ಲಿ ∪ ∪ ∪ – ಎನ್ನುತ್ತಲೇ ಇರುತ್ತವೆ.

ಈ ಭಾಗದ ಕಟ್ಟಡವನ್ನು ನಿರೂಪಣೆ, ವಿಸ್ತಾರ, ಪುನರಾಗಮನ, ಉಪಸಂಹಾರ ಎಂದು ನಾಲ್ಕಾಗಿ ವಿಂಗಡಿಸಬಹುದು. ನಿರೂಪಣೆಯಲ್ಲಿ ಎರಡು ಧಾಟಿಗಳೂ ಪರಿಚಯವಾಗುತ್ತವೆ. ವಿಸ್ತಾರದಲ್ಲಿ ಅವನ್ನು ಬಿಡಿಸಿ ಹಿಗ್ಗಿಸಿ ಕುಗ್ಗಿಸಲಾಗುತ್ತದೆ. ಹಾರ್ನಿನ ಕರೆ ಸವೆಯುತ್ತ ಸವೆಯುತ್ತ ಕೊನೆಗೆ ಬಿಡಿ ಸ್ವರಗುಚ್ಛಗಳಾಗಿ, ಊದುವ ವಾದ್ಯಗಳಿಗೂ ತಂತಿವಾದ್ಯಗಳಿಗೂ ನಡುವೆ ಉಸಿರಿನಂತೆ ಆಚೀಚೆ ಆಡುವ ಗಳಿಗೆಯೊಂದಿದೆ. ಆ ಬಳಿಕ ಮೊದಲ ಗಣ ಇಡೀ ವೃಂದದ ಬಲದೊಂದಿಗೆ ಮರಳುತ್ತದೆ. ಆಗ ಒಂದು ಅನಿರೀಕ್ಷಿತ ಸಂಗತಿ ನಡೆಯುತ್ತದೆ. ಎಲ್ಲ ವಾದ್ಯಗಳೂ ನಿಂತು, ಓಬೊ ಒಂದೇ ಒಂಟಿಯಾಗಿ, ತಾಳವನ್ನು ಮರೆತಂತೆ ಪುಟ್ಟದೊಂದು ಆಲಾಪನೆ ಮಾಡುತ್ತದೆ. ಕೆಲವೇ ಕ್ಷಣಗಳ ಆ ಒಂಟಿದನಿಯನ್ನು ಮೊದಲ ಬಾರಿ ಕೇಳುವವರು ತಪ್ಪಿಸಿಕೊಳ್ಳುವುದೇ ಹೆಚ್ಚು. ಹಾರ್ನ್‌ಗಳು ಕೊಟ್ಟಿದ್ದ ಕರೆ ಮರಳುವಾಗ ಬಸೂನ್‌ಗಳ ದನಿಯಲ್ಲಿ ಬರುತ್ತದೆ. ಉಪಸಂಹಾರ ದೀರ್ಘವಾಗಿದೆ, ಭಾಗ ಮುಗಿಯುವುದು ಸಾಧಾರಣ ಗಾಂಧಾರದ ನೆರಳಿನಲ್ಲೇ.

ಎರಡನೆಯ ಭಾಗ. ಗತಿ ನಿಧಾನ. ವಯೋಲಾ, ಚೆಲ್ಲೊಗಳು ಸಮಾಧಾನದ ಧಾಟಿಯೊಂದನ್ನು ತೆರೆಯುತ್ತವೆ. ಅದಕ್ಕೆ ಜೋಡಿಯಾಗಿ ಇನ್ನೊಂದು ಧಾಟಿ ಕ್ಲಾರಿನೆಟ್, ಬಸೂನ್‌ಗಳಲ್ಲಿ ಮೆಲ್ಲನೆ ಹುಟ್ಟಿ, ಟ್ರಂಪೆಟ್ ಮತ್ತು ಭೇರಿಗಳೊಂದಿಗೆ ಥಟ್ಟನೆ ಬೆಳಗುತ್ತದೆ. ಈ ಎರಡೂ ಸರದಿಯಲ್ಲಿ ಮರಳುತ್ತ, ಪ್ರತಿ ಬಾರಿಯೂ ಹೊಸ ಸಂಗತಿಗಳನ್ನು ಪಡೆಯುತ್ತವೆ. ಕೀರ್ತನೆಯ ಪಲ್ಲವಿಯಲ್ಲಿ ಸಂಗತಿಗಳು ಬೆಳೆಯುವುದನ್ನು ಕೇಳಿದ ಕಿವಿಗೆ ಇದು ಸುಲಭದ ದಾರಿ. ಟ್ರಂಪೆಟ್‌ಗಳು ಬೆಳಗಿಸುವ ಆ ಕ್ಷಣದಲ್ಲಿ ಷಡ್ಜ ಮತ್ತೆ ಸಿ ಸ್ವರಕ್ಕೆ ಬಂದಿರುತ್ತದೆ, ಗಾಂಧಾರ ಮಾತ್ರ ಅಂತರವಾಗಿರುತ್ತದೆ. ಕೃತಿಯ ಗುರಿ ಎಲ್ಲಿದೆ ಎಂಬುದರ ಮೊದಲ ಸೂಚನೆ ಇದು.

ಮೂರನೆಯ ಭಾಗ. ಚೆಲ್ಲೊ ಮತ್ತು ಡಬಲ್ ಬಾಸ್‌ಗಳು ಕತ್ತಲಲ್ಲಿ ಮೆಟ್ಟಿಲು ತಡವುವಂತೆ ಕೆಳಗಿನಿಂದ ಮೇಲೆ ಏರುತ್ತವೆ. ಒಡನೆ ಹಾರ್ನ್‌ಗಳು ಗಟ್ಟಿಯಾಗಿ ನುಡಿಯುತ್ತವೆ: ಮತ್ತೆ ∪ ∪ ∪ –. ಮೊದಲ ಭಾಗದ ಗಣವೇ ಇದು, ಆದರೆ ಈಗ ಮೂರೆಣಿಕೆಯ ನಡೆಯಲ್ಲಿದೆ. ನಡುವೆ ಡಬಲ್ ಬಾಸ್‌ಗಳ ಭಾರವಾದ ಓಟವೊಂದು ಬಂದುಹೋಗುತ್ತದೆ. ಆಮೇಲೆ ಆರಂಭದ ಸಂಗೀತ ಮರಳುತ್ತದೆ, ಆದರೆ ಬಣ್ಣಗೆಟ್ಟು. ಪಿಟೀಲುಗಳು ಕಮಾನನ್ನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತವೆ. ಹಾರ್ನಿನ ಗಟ್ಟಿದನಿ ಈಗ ಪಿಸುಗುಟ್ಟಲಾಗಿದೆ. ಕೊನೆಗೆ ತಂತಿವಾದ್ಯಗಳು ಒಂದು ಸ್ವರವನ್ನು ಹಿಡಿದು ನಿಲ್ಲುತ್ತವೆ. ಆಳದಲ್ಲಿ ಟಿಂಪನಿಯೊಂದೇ ಮೆಲ್ಲಗೆ ಬಡಿಯುತ್ತಿರುತ್ತದೆ. ಪಿಟೀಲುಗಳು ಒಂದೊಂದೇ ಹೆಜ್ಜೆ ಮೇಲೇರುತ್ತವೆ. ಸದ್ದು ಹಿಗ್ಗುತ್ತದೆ. ವಿರಾಮವಿಲ್ಲದೆ ನಾಲ್ಕನೆಯ ಭಾಗ ತೆರೆದುಕೊಳ್ಳುತ್ತದೆ.

ನಾಲ್ಕನೆಯ ಭಾಗ. ಸ ಗ ಪ ಎಂದು ನೇರವಾಗಿ ಏರಿ, ಮ ಗ ರಿ ಸ ಎಂದು ಇಳಿಯುವ ಧಾಟಿ. ಈಗ ಗಾಂಧಾರ ಅಂತರ. ಆರಂಭದ ಸ್ವರಸಮೂಹವನ್ನು ನಮ್ಮ ಮೇಳಕರ್ತ ಪದ್ಧತಿಯಲ್ಲಿ ಇಪ್ಪತ್ತನೆಯದಾದ ನಟಭೈರವಿಗೆ ಹೋಲಿಸಬಹುದಾದರೆ, ಇಲ್ಲಿಯದು ಇಪ್ಪತ್ತೊಂಬತ್ತನೆಯ ಧೀರಶಂಕರಾಭರಣದ ಸ್ವರಗಳು. ಒಂದು ಗಾಂಧಾರದಿಂದ ಇನ್ನೊಂದಕ್ಕೆ ತಲುಪಲು ಕೃತಿ ಸುಮಾರು ಇಪ್ಪತ್ತು ನಿಮಿಷಗಳ ದಾರಿ ಸವೆಸಿದೆ. ಈ ಕ್ಷಣಕ್ಕಾಗಿಯೇ ಬೀಥೋವನ್ ಕೆಲವು ವಾದ್ಯಗಳನ್ನು ಅದುವರೆಗೆ ಸುಮ್ಮನೆ ಕೂರಿಸಿದ್ದ: ಮೂರು ಟ್ರಾಂಬೋನ್, ಒಂದು ಪಿಕೊಲೊ ಕೊಳಲು, ಒಂದು ಕಾಂಟ್ರಾಬಸೂನ್. ಹೆಚ್ಚಾಗಿ ಚರ್ಚಿನ ಸಂಗೀತಕ್ಕೂ ಒಪೆರಾಕ್ಕೂ ಮೀಸಲಾಗಿದ್ದ ಟ್ರಾಂಬೋನ್‌ಗಳು ಇಲ್ಲಿ ಸಿಂಫನಿಯನ್ನು ಪ್ರವೇಶಿಸುತ್ತವೆ.

ಗೆಲುವು ದೊರೆಯಿತೆಂದು ನಾವು ನೆಮ್ಮದಿಯಾಗುವಾಗ ಆತ ಇನ್ನೊಂದು ಕೆಲಸ ಮಾಡುತ್ತಾನೆ. ಭಾಗದ ನಡುವಿನಲ್ಲಿ ಎಲ್ಲ ಅಬ್ಬರವೂ ತಗ್ಗಿ, ಮೂರನೆಯ ಭಾಗದ ಪಿಸುದನಿಯ ∪ ∪ ∪ – ಮರಳಿ ಬರುತ್ತದೆ. ಕತ್ತಲು ಹಿಂದೆಯೇ ಇತ್ತೆಂದು ನೆನಪಿಸುವ ಈ ತಿರುವನ್ನು ಕೇಳದೆ ಕೃತಿಯನ್ನು ವಿಜಯಗೀತೆಯೆಂದು ಬರೆದರೆ ಅರ್ಧ ಮಾತ್ರ ಬರೆದಂತೆ. ಬೆಳಕನ್ನು ಎರಡನೆಯ ಬಾರಿ ಗಳಿಸಿದ ಮೇಲೆಯೇ ಕೃತಿ ಸಮಾಪ್ತಿಯತ್ತ ಓಡುತ್ತದೆ.

4. ಚಳಿಯ ರಾತ್ರಿ ಮತ್ತು ಒಂದು ಬರಹ

ಇಂಥ ಕೃತಿಯನ್ನು ಮೊದಲ ಬಾರಿ ಕೇಳಿದವರು ಎದ್ದು ನಿಂತು ಕೊಂಡಾಡಿದರೆಂದು ನೀವು ಊಹಿಸಬಹುದು. ಹಾಗಾಗಲಿಲ್ಲ. 1808ರ ಡಿಸೆಂಬರ್ 22ರಂದು ವಿಯೆನ್ನಾದ ಒಂದು ರಂಗಮಂದಿರದಲ್ಲಿ ಸಂಜೆ ಆರೂವರೆಯಿಂದ ರಾತ್ರಿ ಹತ್ತೂವರೆಯವರೆಗೆ ಬೀಥೋವನ್‌ನ ಕೃತಿಗಳ ಕಛೇರಿ ನಡೆಯಿತು. ಕೊರೆಯುವ ಚಳಿ. ಐದನೆಯ ಮತ್ತು ಆರನೆಯ ಸಿಂಫನಿಗಳು, ನಾಲ್ಕನೆಯ ಪಿಯಾನೊ ಕಂಚೆರ್ಟೊ, ಪ್ರಾರ್ಥನಾಸಂಗೀತದ ಭಾಗಗಳು, ಕೊನೆಗೆ ಗಾಯನಸಮೂಹ ಸೇರಿದ ಇನ್ನೊಂದು ದೊಡ್ಡ ಕೃತಿ, ಎಲ್ಲವೂ ಒಂದೇ ರಾತ್ರಿ. ವೃಂದಕ್ಕೆ ಅಭ್ಯಾಸ ಸಾಲದಾಗಿತ್ತು. ಕೊನೆಯ ಕೃತಿ ನಡುವೆ ತಪ್ಪಿ, ನಿಲ್ಲಿಸಿ, ಮತ್ತೆ ಆರಂಭಿಸಬೇಕಾಯಿತು. ಚಳಿಯಲ್ಲಿ ನಡುಗುತ್ತಿದ್ದ, ದಣಿದ ಕಿವಿಗಳಿಗೆ ಐದನೆಯ ಸಿಂಫನಿ ದೊಡ್ಡ ಸಂಗತಿಯಾಗಿ ಕಾಣಲಿಲ್ಲ.

1810ರಲ್ಲಿ ಲೈಪ್‌ಜಿಗ್‌ನ ಸಂಗೀತಪತ್ರಿಕೆಯೊಂದರಲ್ಲಿ ಈ ಕೃತಿಯ ಕುರಿತು ಒಂದು ದೀರ್ಘ ವಿಮರ್ಶೆ ಬಂತು. ಬರೆದವನು ಹಾಫ್‌ಮನ್. ಆತ ಕಥೆಗಾರ, ಸಂಯೋಜಕ, ವೃತ್ತಿಯಲ್ಲಿ ನ್ಯಾಯಶಾಸ್ತ್ರಜ್ಞ. ಬರಹದ ಆರಂಭದಲ್ಲಿ ಆತ ರಮ್ಯಪಂಥದ ಭಾಷೆಯಲ್ಲಿ ಅನಂತತೆಯ ಮಾತನ್ನೂ ಆಡುತ್ತಾನೆ. ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಸ್ವರಲಿಪಿಯನ್ನು ಮುಂದಿಟ್ಟುಕೊಂಡು, ಇಡೀ ಮೊದಲ ಭಾಗ ಹೇಗೆ ಒಂದು ಪುಟ್ಟ ಸ್ವರಾಕೃತಿಯಿಂದ ಬೆಳೆದಿದೆಯೆಂದು ಹೆಜ್ಜೆಹೆಜ್ಜೆಯಾಗಿ ತೋರಿಸುತ್ತಾನೆ. ಬೀಥೋವನ್‌ನದು ಅಂಕೆಯಿಲ್ಲದ ಕಲ್ಪನೆ ಎನ್ನುತ್ತಿದ್ದವರಿಗೆ, ಅದರ ಹಿಂದಿರುವ ಕಟ್ಟುನಿಟ್ಟಾದ ವಿವೇಕವನ್ನು ಆ ಬರಹ ಕಾಣಿಸಿತು. ವಾದ್ಯಸಂಗೀತದ ವಿಮರ್ಶೆಯ ಚರಿತ್ರೆಯಲ್ಲಿ ಅದೊಂದು ಮೈಲಿಗಲ್ಲು.

ಸಾಹಿತ್ಯದ ವಿದ್ಯಾರ್ಥಿಗಳಾದ ನಿಮಗೆ ಇದು ಮುಖ್ಯ. ಪ್ರದರ್ಶನಕ್ಕೆ ಕೈಗೂಡದ ಕೆಲಸವೊಂದನ್ನು ಇಲ್ಲಿ ಬರಹ ಮಾಡಿತು, ಮತ್ತು ಅದನ್ನು ಮಾಡಿದವನು ಸಾಹಿತಿ.

5. ಕಥೆಯ ಸೆಳೆತ

ಪರಿಚಯಿಸುವವನ ದೊಡ್ಡ ಪ್ರಲೋಭನೆ ಕಥೆ. ಈ ನಾಲ್ಕು ಸ್ವರಗಳು ಬಾಗಿಲು ತಟ್ಟುವ ವಿಧಿ ಎಂಬ ವಿವರಣೆಯನ್ನು ನೀವು ಎಲ್ಲೆಡೆ ಕಾಣುವಿರಿ. ಅದನ್ನು ಬೀಥೋವನ್ ತನಗೆ ಹೇಳಿದನೆಂದವನು ಆತನ ಸಹಾಯಕನಾಗಿದ್ದ ಷಿಂಡ್ಲರ್. ಇದೇ ಷಿಂಡ್ಲರ್ ಬೀಥೋವನ್‌ನ ಸಂಭಾಷಣೆಯ ಪುಸ್ತಕಗಳಲ್ಲಿ ಆಮೇಲೆ ತಾನೇ ಸಾಲುಗಳನ್ನು ಸೇರಿಸಿದ್ದನೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಬೀಥೋವನ್‌ನ ಶಿಷ್ಯ ಚೆರ್ನಿಯ ಕಡೆಯಿಂದ ಬಂದ ಇನ್ನೊಂದು ಹೇಳಿಕೆಯ ಪ್ರಕಾರ ಆ ಸ್ವರಗಳು ಹುಟ್ಟಿದ್ದು ಒಂದು ಹಕ್ಕಿಯ ಕೂಗಿನಿಂದ. ಎರಡನೆಯ ಮಹಾಯುದ್ಧದಲ್ಲಿ ಅದೇ ಸ್ವರಗಳಿಗೆ ಮೂರನೆಯ ಅರ್ಥ ಬಂತು. ತಂತಿಸಂದೇಶದ ಮೋರ್ಸ್ ಲಿಪಿಯಲ್ಲಿ ಮೂರು ಚುಕ್ಕಿ ಒಂದು ಗೆರೆ ಎಂದರೆ ಇಂಗ್ಲಿಷಿನ ‘ವಿ’ ಅಕ್ಷರ, ಅಂದರೆ ವಿಜಯದ ಮೊದಲಕ್ಷರ. ಬಿಬಿಸಿ ತನ್ನ ಯುರೋಪಿನ ಪ್ರಸಾರಗಳಲ್ಲಿ ಈ ಲಯವನ್ನು ಸಂಕೇತವಾಗಿ ಬಳಸಿತು. ಜರ್ಮನ್ ಸಂಯೋಜಕನ ಸ್ವರಗಳು ನಾಜಿ ಜರ್ಮನಿಯ ವಿರುದ್ಧದ ಕಹಳೆಯಾದವು.

ವಿಧಿ, ಹಕ್ಕಿ, ವಿಜಯ: ಮೂರು ಅರ್ಥಗಳಿಗೂ ಅದೇ ನಾಲ್ಕು ಸ್ವರಗಳು ಒಗ್ಗಿದವು. ಅರ್ಥಗಳು ಬದಲಾದವು, ಪ್ರಸ್ತಾರ ಬದಲಾಗಲಿಲ್ಲ.

ಕಥೆಯ ಹಂಗಿಲ್ಲದೆ ಕೇಳುಗರನ್ನು ಕೈಹಿಡಿದು ನಡೆಸಿದವರ ಎರಡು ನಿದರ್ಶನಗಳನ್ನು ಗಮನಿಸಿರಿ. ಇಂಗ್ಲೆಂಡಿನ ಬೆಂಜಮಿನ್ ಬ್ರಿಟ್ಟನ್ ಶೈಕ್ಷಣಿಕ ಚಲನಚಿತ್ರವೊಂದಕ್ಕಾಗಿ ಕೃತಿಯೊಂದನ್ನು ರಚಿಸಿದ. 1946ರಲ್ಲಿ ಅದರ ಮೊದಲ ಕಛೇರಿ ನಡೆಯಿತು. ಹದಿನೇಳನೆಯ ಶತಮಾನದ ಸಂಯೋಜಕ ಪರ್ಸೆಲ್‌ನ ಧಾಟಿಯೊಂದನ್ನು ತೆಗೆದುಕೊಂಡು, ಅದನ್ನು ಒಂದೊಂದು ವಾದ್ಯಕ್ಕೂ ಸರದಿಯಲ್ಲಿ ಹಂಚಿ, ಕೊನೆಗೆ ಎಲ್ಲವನ್ನೂ ಕೂಡಿಸುವ ಆ ಕೃತಿ ಸ್ವತಃ ಒಂದು ಪಾಠ. ಅಮೆರಿಕದ ಲೆನಾರ್ಡ್ ಬರ್ನ್‌ಸ್ಟೈನ್ 1954ರ ನವೆಂಬರಿನಲ್ಲಿ ದೂರದರ್ಶನದಲ್ಲಿ ಇದೇ ಐದನೆಯ ಸಿಂಫನಿಯನ್ನು ವಿವರಿಸಿದ. ಸ್ವರಲಿಪಿಯ ಮೊದಲ ಪುಟವನ್ನು ನೆಲದ ಮೇಲೆ ದೊಡ್ಡದಾಗಿ ಬರೆಸಿ, ಬೀಥೋವನ್ ಬರೆದು ಕೈಬಿಟ್ಟಿದ್ದ ಕರಡುಗಳನ್ನು ವೃಂದದಿಂದ ನುಡಿಸಿ, ಆತ ಯಾವುದನ್ನು ಏಕೆ ಬಿಟ್ಟಿರಬಹುದೆಂದು ಕೇಳುಗರೇ ತೀರ್ಮಾನಿಸುವಂತೆ ಮಾಡಿದ. ಕವಿಯ ಕರಡುಪ್ರತಿಗಳನ್ನು 대ೋಲಿಸಿ ಓದುವ ಪಾಠಾಂತರಶಾಸ್ತ್ರದ ಕ್ರಮವೇ ಇದು. 1958ರಲ್ಲಿ ಮಕ್ಕಳಿಗಾಗಿ ನಡೆಸಿದ ಮೊದಲ ಕಛೇರಿಯಲ್ಲಿ ಆತ ರಿಚರ್ಡ್ ಸ್ಟ್ರಾಸ್‌ನ ಕೃತಿಯೊಂದಕ್ಕೆ ತಾನೇ ಕಟ್ಟಿದ ಸುಳ್ಳುಕಥೆಯನ್ನು ಹೊಂದಿಸಿ ತೋರಿಸಿ, ಆಮೇಲೆ ಸಂಯೋಜಕನ ನಿಜವಾದ ಕಥೆಯನ್ನು ಹೇಳಿದ. ಎರಡೂ ಹೊಂದಿದವು. ಸಂಗೀತದ ಅರ್ಥ ಕಥೆಯಲ್ಲಿಲ್ಲ, ಸ್ವರಗಳ ನಡೆಯಲ್ಲಿದೆ ಎಂಬುದು ಮಕ್ಕಳಿಗೆ ತಿಳಿಯಿತು.

6. ಕನ್ನಡದ ನಂಟು

ಈ ಸಂಗೀತ ನಮಗೆ ಸಂಬಂಧಿಸಿದ್ದಲ್ಲವೆಂಬವರಿಗೆ ಮೈಸೂರಿನ ಒಂದು ಅಧ್ಯಾಯವನ್ನು ನೆನಪಿಸಬೇಕು. ಜಯಚಾಮರಾಜೇಂದ್ರ ಒಡೆಯರು (1919–1974) ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರೆಂದು ಬಲ್ಲೆವು. ಅವರು ಪಾಶ್ಚಾತ್ಯ ಸಂಗೀತದಲ್ಲಿಯೂ ಪಳಗಿದವರು, ಪಿಯಾನೊ ಬಲ್ಲವರು. ಲಂಡನ್ನಿನಲ್ಲಿ 1945ರಲ್ಲಿ ಸ್ಥಾಪನೆಯಾದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಅದರ ಆರಂಭದ ಕಷ್ಟದ ವರ್ಷಗಳಲ್ಲಿ ಧನಸಹಾಯ ನೀಡಿದರು. ಮರೆಯಾಗುತ್ತಿದ್ದ ರಷ್ಯನ್ ಸಂಯೋಜಕ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದರು. ಆತ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿ ಕೇಳಿಬಂದಾಗ, ಆ ಕಛೇರಿಯ ಬೆನ್ನಿಗೆ ನಿಂತದ್ದೂ ಅವರ ಹಣವೇ.

ಇದೇ ಫಿಲ್‌ಹಾರ್ಮೋನಿಯಾ ವೃಂದ ಕ್ಲೆಂಪರರ್‌ನ ನಿರ್ದೇಶನದಲ್ಲಿ ಐದನೆಯ ಸಿಂಫನಿಯನ್ನು ಧ್ವನಿಮುದ್ರಿಸಿತು. 1977ರಲ್ಲಿ ವಾಯೇಜರ್ ನೌಕೆಗಳೆರಡು ಬಾಹ್ಯಾಕಾಶಕ್ಕೆ ಹೊರಟಾಗ, ಭೂಲೋಕದ ಸದ್ದುಗಳನ್ನು ಹೊತ್ತ ಚಿನ್ನದ ಲೇಪದ ತಟ್ಟೆಯಲ್ಲಿ ಸೇರಿದ್ದು ಕ್ಲೆಂಪರರ್ ಮತ್ತು ಫಿಲ್‌ಹಾರ್ಮೋನಿಯಾ ನುಡಿಸಿದ ಆ ಮೊದಲ ಭಾಗವೇ. ಅದೇ ತಟ್ಟೆಯಲ್ಲಿ ಗೋವೆಯ ಕೇಸರಬಾಯಿ ಕೇರ್ಕರರ ಭೈರವಿಯಿದೆ. ಐವತ್ತೈದು ಭಾಷೆಗಳ ಶುಭಾಶಯಗಳ ನಡುವೆ ಕನ್ನಡದ ಶುಭಾಶಯವೂ ಇದೆ. ನಗಣದ ಮೇಲೊಂದು ಗುರುವೂ ಕನ್ನಡದ ಸೊಲ್ಲೂ ಒಂದೇ ತಟ್ಟೆಯ ಗೆರೆಗಳಲ್ಲಿ ಸೌರಮಂಡಲದಾಚೆಗೆ ಸಾಗುತ್ತಿವೆ.

7. ಶಬ್ದಗಳ ಪ್ರಶ್ನೆ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಮರಳೋಣ. ಈ ಪಾಠದಲ್ಲಿ ವಾದ್ಯಗಳ ಹೆಸರುಗಳನ್ನು ಇದ್ದಂತೆ ತೆಗೆದುಕೊಂಡೆವು. ಅವು ವಸ್ತುಗಳ ಹೆಸರು, ಬಂದಂತೆ ಬರಲಿ. ಆದರೆ ಕೇಳುವ ಕ್ರಿಯೆಯನ್ನು ವಿವರಿಸಲು ಬೇಕಾದ ಲಘು, ಗುರು, ಗಣ, ಪ್ಲುತ, ಎಡುಪು, ಸಂಗತಿ, ಗಾಂಧಾರ, ಉಪಸಂಹಾರ ಎಂಬ ಮಾತುಗಳೆಲ್ಲ ನಮ್ಮ ಪಠ್ಯಗಳಲ್ಲೇ ಇದ್ದವು. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಕನ್ನಡಕ್ಕೆ ತಂದವರು, ದೂರದ ವಸ್ತುವನ್ನು ಎದುರಿಸುವ ಧೈರ್ಯ ಈ ಮಣ್ಣಿಗೆ ಹೊಸತಲ್ಲ. ಶಬ್ದಗಳ ಕೊರತೆಯೆಂದು ನಮಗೆ ತೋರುವುದು ಅನೇಕ ವೇಳೆ ಗಮನದ ಕೊರತೆ. ಗಮನವಿಟ್ಟು ಕೇಳಿದವಳಿಗೆ ಪ್ರಸ್ತಾರದ ನಾಲ್ಕು ಗೆರೆಗಳಾದರೂ ಒದಗಿಬಂದವು. ಬಿಡುವಾದಾಗ ಆಕೆ ಉಳಿದ ಮೂರು ಭಾಗಗಳನ್ನೂ ಕೇಳಲಿ, ಹಾಳೆಯ ಅಂಚಿನಿಂದ ನಡುವಿಗೆ ಬರಲಿ.

ಅಭ್ಯಾಸಕ್ಕೆ

1. ಮೊದಲ ಭಾಗವನ್ನು ಮೂರು ಸಲ ಕೇಳಿರಿ. ಮೊದಲ ಸಲ ಏನನ್ನೂ ಬರೆಯಬೇಡಿ. ಎರಡನೆಯ ಸಲ ಓಬೊದ ಒಂಟಿದನಿ ಬರುವ ಸ್ಥಳವನ್ನು ಗುರುತಿಸಿರಿ. ಮೂರನೆಯ ಸಲ ಮೃದುವಾದ ಧಾಟಿಯ ತಳದಲ್ಲಿ ನಡೆಯುವುದನ್ನು ಆಲಿಸಿರಿ.

2. ಮೂರನೆಯ ಭಾಗದಿಂದ ನಾಲ್ಕನೆಯದಕ್ಕೆ ದಾಟುವ ಸ್ಥಳವನ್ನು ಉಪಮೆ, ರೂಪಕಗಳಿಲ್ಲದೆ ಎಂಟು ವಾಕ್ಯಗಳಲ್ಲಿ ವಿವರಿಸಿರಿ. ಬಳಿಕ ಒಂದೇ ಒಂದು ಉಪಮೆಯನ್ನು ಸೇರಿಸಿ, ಅದು ವಿವರಣೆಗೆ ನೆರವಾಯಿತೇ ಎಂದು ಪರಿಶೀಲಿಸಿರಿ.

3. ನಿಮ್ಮ ಊರಿನ ಚೆಂಡೆಯ ಪೀಠಿಕೆ, ಮೇಳ ಅಥವಾ ನಾಗಸ್ವರದ ಒಂದು ರಚನೆಯನ್ನು, ಅದನ್ನು ಎಂದೂ ಕೇಳದ ವಿಯೆನ್ನಾದ ಕೇಳುಗನೊಬ್ಬನಿಗೆ ಒಂದು ಪುಟದಲ್ಲಿ ಪರಿಚಯಿಸಿರಿ.